ಹೊಡೆದು ಹಾಕಿದ ಶ್ರೀ

ನಾನು ಧರ್ಮ ಬಿಟ್ಟಿದ್ದನ್ನು ಊರು ಬೈಯುತ್ತ ಒಪ್ಪಿಕೊಂಡಿತು, ಅಣ್ಣ ಖುಷಿಯಿಂದ ಒಪ್ಪಿಕೊಂಡ, ಕಂಪ್ಯೂಟರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಶಿರಸಿಯ ಕಾಲೇಜೊಂದರ ಮೂಲೆಯ ಕೋಣೆಯಲ್ಲಿ ದೂರಶಿಕ್ಷಣದ ಕೇಂದ್ರವಿದೆ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಬಿ.ಎ.ಗೆ ಹೆಸರು ಹಚ್ಚಲು ಅಲ್ಲಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಗುಮಾಸ್ತ ಬನವಾಸಿ ಕಡೆಯವನು. ನನ್ನ ಅರ್ಜಿಯ ಮೇಲೆ ಬೆರಳಾಡಿಸುತ್ತ ಬಂದವನು ಒಂದು ಕಡೆ ನಿಂತ.

"ಧರ್ಮದ ಕಾಲಂ ಖಾಲಿ ಬಿಟ್ಟೀರಲ್ರಿ?"

"ಬೇಕಂತಲೇ ಬಿಟ್ಟಿದ್ದು."

"ಹಂಗ ಬಿಡಾಕ ಬರಂಗಿಲ್ರಿ. ಖಾಲಿ ಬಿಟ್ರ ಇದು ಮುಂದಿನ ಪೇಜ್ ತಗಿಯಂಗಿಲ್ಲ."

"ಇತರೆ ಅಂತ ಇಲ್ಲವೇ?"

"ಐತ್ರಿ. ಅದನ್ನ ಒತ್ತಿದ್ರ ಸರ್ಟಿಫಿಕೇಟ್ ಕೇಳತೈತಿ. ಯಾವ ಧರ್ಮನೂ ಇಲ್ಲ ಅಂತ ಯಾವ ಆಫೀಸಿನ್ಯಾಗ ಸರ್ಟಿಫಿಕೇಟ್ ತರ್ತೀರಿ ನೀವು?"

ಪ್ರಶ್ನೆ ನ್ಯಾಯವಾಗಿತ್ತು. ಆತ ನನ್ನ ಬೋಳು ಹಣೆಯನ್ನೊಮ್ಮೆ ನೋಡಿ, ದನಿ ತಗ್ಗಿಸಿ, "ಸದ್ಯಕ್ಕ ಹಿಂದೂ ಅಂತ ಹಾಕ್ತೇನ್ರಿ. ಆಮ್ಯಾಲೆ ಬೇಕಾದ್ರ ಬಿಡೀರಂತ" ಎಂದ. ನಾನು ಐದು ವರ್ಷ ಒಳಗೊಳಗೇ ಗುದ್ದಾಡಿ ಬಿಟ್ಟದ್ದನ್ನು ಆ ಪುಣ್ಯಾತ್ಮ ಒಂದು ಬೆರಳಿನಿಂದ ಒತ್ತಿ ವಾಪಸು ಕೊಟ್ಟ. ಕಂಪ್ಯೂಟರು ಪ್ರಸನ್ನವಾಗಿ ಮುಂದಿನ ಪೇಜು ತೆಗೆಯಿತು.

ಬಿಟ್ಟದ್ದು ಹೇಗೆ ಎಂದು ಹೇಳಬೇಕು. ನಾನು ಮೂವತ್ತು ವರ್ಷ ಪುರೋಹಿತನಾಗಿದ್ದೆ. ಸಿದ್ದಾಪುರದಲ್ಲಿ ಪಿಯುಸಿ ಮುಗಿಸಿದವನನ್ನು ಅಪ್ಪ ಕೈಹಿಡಿದು ವೇದಪಾಠಶಾಲೆಗೆ ಬಿಟ್ಟುಬಂದಿದ್ದ. ಅಲ್ಲಿ ಕಲಿಸಿದ್ದನ್ನೆಲ್ಲ ಬಾಯಿಪಾಠ ಮಾಡಿದೆ. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪುತ್ತಿರಲಿಲ್ಲ. ಅರ್ಥ ಮಾತ್ರ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತ್ಯಾಗಲಿಯ ಸುತ್ತಮುತ್ತ ಹತ್ತಾರು ಮನೆಗಳು ನನ್ನ ಪಾಲಿಗೆ ಬಂದಿದ್ದವು. ನನ್ನ ದನಿ ಚೆನ್ನಾಗಿತ್ತು. ನಮ್ಮಲ್ಲಿ ಪುರೋಹಿತನಿಗೆ ದನಿಯೊಂದಿದ್ದರೆ ಮಿಕ್ಕದ್ದನ್ನು ಯಾರೂ ವಿಚಾರಿಸುವುದಿಲ್ಲ.

ವಿಚಾರಿಸಿದ್ದು ಒಬ್ಬರೇ ಒಬ್ಬರು. ತ್ಯಾಗಲಿ ಹತ್ತಿರದ ಒಂದು ಗೃಹಪ್ರವೇಶದಲ್ಲಿ ಯಜಮಾನನ ಅಕ್ಕ, ನಿವೃತ್ತ ಶಾಲಾ ಮಾಸ್ತರಿಣಿ, ಊಟವಾದ ಮೇಲೆ ಎಲೆ-ಅಡಿಕೆ ತಟ್ಟೆ ತಂದಿಟ್ಟು ಎದುರಿಗೇ ಕೂತರು.

"ಭಟ್ರೇ, ಕಡೆಗೆ ಹೇಳಿದ ಮಂತ್ರಕ್ಕೆ ಎಂತ ಅರ್ಥ?"

"ಮನೆಗೆ ಒಳ್ಳೇದಾಗ್ಲಿ ಅಂತ" ಎಂದೆ.

"ಅಷ್ಟುದ್ದ ಮಂತ್ರಕ್ಕೆ ಇಷ್ಟೇ ಅರ್ಥವಾ?"

ನಾನು ಅಡಿಕೆ ಬಾಯಿಗೆ ಹಾಕಿಕೊಂಡು ಮಾತಾಡಲಾಗದವನಂತೆ ನಟಿಸಿದೆ. ಮನೆಗೆ ಬಂದವನೇ ಟ್ರಂಕು ತೆಗೆದು, ಅರ್ಥಸಹಿತವಾದ ಒಂದು ಹಳೆಯ ಪುಸ್ತಕ ಹುಡುಕಿ ಓದಿದೆ. ಆ ಮಂತ್ರ ದನಕರುಗಳನ್ನು ಬೇಡುತ್ತಿತ್ತು, ಕುದುರೆಗಳನ್ನು ಬೇಡುತ್ತಿತ್ತು, ಸಾಲು ಸಾಲು ಗಂಡುಮಕ್ಕಳನ್ನು ಬೇಡುತ್ತಿತ್ತು, ಕೊನೆಗೆ ಶತ್ರುಗಳು ನಾಶವಾಗಲಿ ಎನ್ನುತ್ತಿತ್ತು. ಆ ಮನೆಯಲ್ಲಿ ಹಾಲು ಪ್ಯಾಕೆಟ್ಟಿನದು. ಕುದುರೆಯ ಜಾಗದಲ್ಲಿ ಒಂದು ಸ್ಕೂಟರು. ಇಬ್ಬರು ಹೆಣ್ಣುಮಕ್ಕಳು, ಇನ್ನು ಮಕ್ಕಳು ಬೇಕೆಂಬ ಯೋಚನೆ ಯಾರಿಗೂ ಇರಲಿಲ್ಲ. ಶತ್ರುವೆಂದರೆ ಬೇಲಿ ತಕರಾರಿನ ದಾಯಾದಿ ಒಬ್ಬನೇ. ಮುಂದಿನ ತಿಂಗಳು ಆ ದಾಯಾದಿಯ ಮನೆಯಲ್ಲೂ ಕಾರ್ಯವಿತ್ತು. ಅಲ್ಲಿಯೂ ಅದೇ ಮಂತ್ರ ಹೇಳಿ ಇಬ್ಬರ ನಾಶವನ್ನೂ ನಾನೇ ಬೇಡಿಕೊಂಡು ಬಂದೆ. ದೇವರು ಕೇಳಿಸಿಕೊಳ್ಳುತ್ತಿದ್ದರೆ ಆವತ್ತು ಎರಡೂ ಮನೆ ಖಾಲಿಯಾಗಬೇಕಿತ್ತು. ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ನನ್ನ ತಲೆ ಕೊರೆಯತೊಡಗಿತು.

ಆಮೇಲೆ ಒಂದೊಂದೇ ಸಡಿಲವಾಯಿತು. ಬಾಯಿ ಮಂತ್ರ ಹೇಳುತ್ತಿತ್ತು, ತಲೆ ಪಕ್ಕದಲ್ಲಿ ಕೂತು ನಗುತ್ತಿತ್ತು. ಹೀಗೆ ಐದು ವರ್ಷ ಕಳೆಯಿತು. ನೂಲು ಹುಣ್ಣಿಮೆಯಂದು ನಮ್ಮಲ್ಲಿ ಜನಿವಾರ ಬದಲಿಸುತ್ತಾರೆ. ಮೊದಲು ಹೊಸತು ಹಾಕಿಕೊಂಡು ಆಮೇಲೆ ಹಳೆಯದನ್ನು ತೆಗೆಯಬೇಕು, ಮೈ ಒಂದು ಕ್ಷಣವೂ ಖಾಲಿ ಇರಬಾರದು. ಆ ವರ್ಷ ನಾನು ಮೊದಲರ್ಧವನ್ನು ಬಿಟ್ಟು ಎರಡನೆಯ ಅರ್ಧವನ್ನಷ್ಟೇ ಶಾಸ್ತ್ರೋಕ್ತವಾಗಿ ಮಾಡಿದೆ. ಆಕಾಶ ಕಳಚಿ ಬೀಳಲಿಲ್ಲ. ಟ್ರಂಕಿನ ಕೀಲಿಕೈ ಮಾತ್ರ ಕೆಳಗೆ ಬಿತ್ತು, ಅದನ್ನು ಜನಿವಾರಕ್ಕೇ ಕಟ್ಟಿಕೊಂಡಿದ್ದೆ. ನಾಸ್ತಿಕನಾದ ಮೇಲೆ ನನಗೆ ಎದುರಾದ ಮೊದಲ ಸಮಸ್ಯೆ ಕೀಲಿಕೈ ಎಲ್ಲಿಡುವುದು ಎಂಬುದು.

ಅಣ್ಣ ಕೂಡ ಪುರೋಹಿತ. ಸುದ್ದಿ ಕೇಳಿ ಓಡಿ ಬಂದ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನ ಮುಖದಲ್ಲಿ ದುಃಖವಿತ್ತು, ಆದರೆ ಕಣ್ಣು ಲೆಕ್ಕಾಚಾರದಲ್ಲಿತ್ತು.

"ತಮಾ, ನಿನ್ನ ಇಷ್ಟ. ಒತ್ತಾಯ ಎಂತಕ್ಕೆ ಮಾಡದು? ನಿನ್ನ ಮನೆಗಳನ್ನ ಆನು ನೋಡ್ಕತ್ತೆ ತಗ" ಎಂದ. ಧರ್ಮದ ಬಗ್ಗೆ ಅಷ್ಟು ಉದಾರವಾಗಿ ಅವನು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಗೇಟಿನ ಕಂಬದ ಮೇಲೆ ಒಂದು ತಗಡಿನ ಬೋರ್ಡಿತ್ತು. ನನ್ನ ಹೆಸರು, ಹಿಂದೆ ವೇದಮೂರ್ತಿ, ಮುಂದೆ ಪುರೋಹಿತರು, ಎಲ್ಲದರ ಮೇಲೆ ಶ್ರೀ. ಅದನ್ನು ಕಿತ್ತೆ. ಕಂಬದಲ್ಲಿ ಎರಡು ಮೊಳೆಯ ತೂತು ಉಳಿದವು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಅಳಲಿಲ್ಲ, ದೇವರ ಹೆಸರೂ ಎತ್ತಲಿಲ್ಲ.

"ನಿಂಗ ದೇವರ ಬಿಟ್ರಿ, ಅಡ್ಡಿಲ್ಲೆ. ಇಷ್ಟು ದಿನ ಆನು ಭಟ್ರ ಹೆಂಡ್ತಿ ಆಗಿದ್ದೆ. ಈಗ ಆನು ಯಾರ ಹೆಂಡ್ತಿ?"

ದೇವರಿದ್ದಾನೋ ಇಲ್ಲವೋ ಎಂದು ಕೇಳಿದ್ದರೆ ಒಂದು ತಾಸು ಮಾತಾಡಲು ಸಿದ್ಧನಾಗಿದ್ದೆ. ಬಾಯಿಗೆ ಬಂದದ್ದನ್ನು ಹೇಳಿದೆ: "ತಡಿ, ಮೂರು ವರ್ಷಕ್ಕೆ ಬಿ.ಎ. ಪಾಸಾದವ್ನ ಹೆಂಡ್ತಿ ಆಗ್ತೆ. ಇಲ್ಲಿ ಹೊಸ ಬೋರ್ಡು ಹಾಕ್ತೆ."

"ಅದಕ್ಕೆ ಯಾರಾದ್ರೂ ಅರಶಿನ-ಕುಂಕುಮಕ್ಕೆ ಕರೀತ್ವ?" ಎಂದು ಕೇಳಿ ಒಳಗೆ ಹೋದಳು. ಯಾರೂ ಕರೆಯಲಿಲ್ಲ. ಹಿಂದೆಲ್ಲ ಯಾರ ಮನೆಯ ಹೆಂಗಸರಿಗೆ ಏನು ಅನುಮಾನ ಬಂದರೂ ನನ್ನ ಹೆಂಡತಿಗೇ ಫೋನು. ಯಾವ ದಿನ ಒಳ್ಳೆಯದು, ಯಾವ ಸೀರೆ ಆಗಬಹುದು, ಹಲ್ಲಿ ಎಡಗಡೆ ಬಿದ್ದರೆ ಏನು. ಆ ಫೋನು ನೂಲು ಹುಣ್ಣಿಮೆಯ ಮಾರನೆಯ ದಿನದಿಂದ ಸುಮ್ಮನಾಯಿತು. ದಾರ ತೆಗೆದವನು ನಾನು, ಶಿಕ್ಷೆ ಅವಳಿಗೆ. ಇದು ಅನ್ಯಾಯವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಪುಸ್ತಕ ತೆರೆದು ಕೂತೆ.

ಅವಳೂ ಸುಮ್ಮನೆ ಕೂರಲಿಲ್ಲ. ಅವಳ ಕೈಯಲ್ಲೊಂದು ವಿದ್ಯೆಯಿತ್ತು, ತೊಡದೇವು. ಮಗುಚಿಟ್ಟ ಮಡಕೆಯನ್ನು ಕೆಳಗಿನಿಂದ ಕಾಯಿಸಿ, ಅಕ್ಕಿಹಿಟ್ಟು ಬೆರೆಸಿದ ಕಬ್ಬಿನ ಹಾಲನ್ನು ಬಟ್ಟೆಯಲ್ಲಿ ಅದ್ದಿ ಒಂದೇ ಸಲ ಎಳೆದರೆ ಕಾಗದದಷ್ಟು ತೆಳುವಾದ ಸಿಹಿ ಏಳುತ್ತದೆ. ಎಳೆಯುವ ಕೈ ಒಂಚೂರು ತಡೆದರೂ ಕೆಟ್ಟಿತು. ಮೊದಲು ಅದನ್ನು ಹಬ್ಬಕ್ಕೆ ಮಾಡುತ್ತಿದ್ದಳು, ಈಗ ದಿನವೂ ಮಾಡತೊಡಗಿದಳು. ಭಾನುವಾರ ಶಿರಸಿಗೆ ಕ್ಲಾಸಿಗೆ ಹೋಗುವಾಗ ಎರಡು ಡಬ್ಬಿ ತೊಡದೇವನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಗೆ ಕೊಟ್ಟು ಹೋಗುವುದು ನನ್ನ ಕೆಲಸ. ಅವಳಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ತಿಳಿದಿದ್ದೆ. ನನ್ನ ಪುಸ್ತಕ, ಫೀಸು, ಬಸ್ಸಿನ ಟಿಕೇಟು ಎಲ್ಲ ಆ ಡಬ್ಬಿಯಿಂದಲೇ ಬರುತ್ತಿತ್ತು ಎಂಬುದು ಹೊಳೆಯಲು ನನಗೆ ಬಹಳ ಕಾಲ ಬೇಕಾಯಿತು. ಓದುವವರ ತಲೆಗೆ ಇಂಥವು ತಡವಾಗಿ ಹೋಗುತ್ತವೆ.

ವಿದ್ಯೆಯ ವಿಷಯಕ್ಕೆ ಬರುತ್ತೇನೆ. ವಿಶ್ವವಿದ್ಯಾಲಯವೆಂದರೆ ಪ್ರಶ್ನೆ ಕೇಳುವ ಜಾಗ ಎಂದು ನಂಬಿ ಹೋಗಿದ್ದೆ. ಮೊದಲ ದಿನ ಮೊದಲ ಬೆಂಚಿನಲ್ಲಿ ಕೂತೆ. ಸಮಾಜಶಾಸ್ತ್ರದ ಅಧ್ಯಾಪಕರು ಹಳದಿ ಬಣ್ಣಕ್ಕೆ ತಿರುಗಿದ ನೋಟ್ಸು ತೆಗೆದು ಬರೆಯಿಸತೊಡಗಿದರು. ಒಂದು ವಾಕ್ಯ ತಿಳಿಯಲಿಲ್ಲ. ಕೈ ಎತ್ತಿ, "ಸರ್, ಇದರ ಅರ್ಥ ಏನು?" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಅರ್ಥ ಪರೀಕ್ಷೆಗೆ ಬರೂದಿಲ್ಲ. ನೀವು ಬರಕೊಳ್ಳಿ" ಎಂದರು. ನನಗೆ ಪಾಠಶಾಲೆಯ ಚಾಪೆಯ ಮೇಲೆ ಮತ್ತೆ ಕೂತಂತಾಯಿತು.

ಆಮೇಲೆ ಗೈಡು ಸಿಕ್ಕಿತು. ಪಠ್ಯಪುಸ್ತಕವನ್ನು ಯಾರೂ ತೆರೆಯುವುದಿಲ್ಲ, ಗೈಡನ್ನು ಯಾರೂ ಬಿಡುವುದಿಲ್ಲ. ಅದರಲ್ಲಿ ಪ್ರತಿ ಪ್ರಶ್ನೆಗೂ ಸಂಖ್ಯೆ ಹಾಕಿದ ಉತ್ತರ. ಸಮಾಜಶಾಸ್ತ್ರದಲ್ಲಿ 'ಧರ್ಮದ ಕಾರ್ಯಗಳು' ಎಂಬ ಪಾಠವಿತ್ತು, ಗೈಡಿನ ಪ್ರಕಾರ ಧರ್ಮಕ್ಕೆ ಒಂಬತ್ತು ಕಾರ್ಯಗಳು. ಮೂವತ್ತು ವರ್ಷ ಧರ್ಮದ ಕಾರ್ಯ ಮಾಡಿದವನಿಗೆ ಅದರಲ್ಲಿ ನಾಲ್ಕು ಮಾತ್ರ ಗುರುತು ಸಿಕ್ಕವು. ಆದರೂ ಒಂಬತ್ತನ್ನೂ ಉರುಹೊಡೆದೆ. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. ಇಪ್ಪತ್ತೈದರ ಸಹಪಾಠಿಗಳು ಬಾಯಿ ಬಿಟ್ಟು ಕೇಳುತ್ತಿದ್ದರು. ನನಗೆ ಆ ಹಳೆಯ ಹೆಮ್ಮೆಯೇ ಬಂತು, ಅದರ ಹಿಂದೆಯೇ ಹಳೆಯ ಹೇಸಿಗೆಯೂ ಬಂತು. ಸಾಲದ್ದಕ್ಕೆ ಕೇಂದ್ರದವರು ಎಲ್ಲರ ಕೊರಳಿಗೂ ಗುರುತಿನ ಚೀಟಿಯ ದಾರ ಹಾಕಿದರು. ಕ್ಲಾಸಿನಲ್ಲಿ ಅದನ್ನು ತೆಗೆಯಬಾರದು ಎಂಬ ನಿಯಮ. ನಾನು ಟ್ರಂಕಿನ ಕೀಲಿಕೈಯನ್ನು ಅದಕ್ಕೆ ಕಟ್ಟಿಕೊಂಡೆ.

ಕೊನೆಯ ವರ್ಷ ವಜ್ರಳ್ಳಿಯಿಂದ ಕರೆ ಬಂತು. ಅದು ಹೆಂಡತಿಯ ತವರು, ಯಲ್ಲಾಪುರ ತಾಲೂಕು. ಅವಳ ತಮ್ಮ ಮನೆಯಲ್ಲಿ ಗಣಹೋಮ ಇಟ್ಟುಕೊಂಡಿದ್ದ. ಊಟದ ಹೊತ್ತಿಗೆ ಒಂದು ತೊಡಕು ಎದ್ದಿತು. ಜನಿವಾರ ಇಲ್ಲದವನನ್ನು ಒಳಗಿನ ಪಂಕ್ತಿಯಲ್ಲಿ ಕೂರಿಸಿದರೆ ಉಳಿದವರು ಏಳುತ್ತಾರೆ. ಅಳಿಯನನ್ನು ಹೊರಗೆ ಕೂರಿಸಿದರೆ ಅಕ್ಕನಿಗೆ ನೋವು. ಭಾವಮೈದುನ ಬಹಳ ಹೊತ್ತು ಅಡಿಗೆ ಮನೆಯಲ್ಲಿ ಪಿಸುಗುಟ್ಟಿ ಹೊರಗೆ ಬಂದ.

"ಭಾವ, ನಿಂಗ ಇಲ್ಲೇ ಜಗಲಿ ಮೇಲೆ ಕೂತ್ಕಳಿ. ಇಲ್ಲಿ ಚೊಲೋ ಗಾಳಿ ಬತ್ತು."

ಗಾಳಿ ನಿಜಕ್ಕೂ ಚೆನ್ನಾಗಿತ್ತು. ಪಕ್ಕದ ಎಲೆಯಲ್ಲಿ ಬಾಡಿಗೆ ಜೀಪಿನ ಡ್ರೈವರು ಕೂತಿದ್ದ. ಒಳಗಿನ ಪಂಕ್ತಿಯ ಯಾರಿಗಿಂತಲೂ ಒಳ್ಳೆಯ ಜೊತೆ, ಮೂರು ಸಲ ಪಾಯಸ ಕೇಳಿ ನನಗೂ ಹಾಕಿಸಿದ. ನಾನು ಇದನ್ನೆಲ್ಲ ತಮಾಷೆಯಾಗಿ ತೆಗೆದುಕೊಳ್ಳುತ್ತಿದ್ದೆ. ಆಗ ನನ್ನ ಹೆಂಡತಿ ಒಳಗಿನಿಂದ ತನ್ನ ಎಲೆ ಎತ್ತಿಕೊಂಡು ಬಂದು ಜಗಲಿಯ ತುದಿಯಲ್ಲಿ ಹಾಸಿ ಕೂತಳು. ತವರಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ಅವಳು ತಲೆ ತಗ್ಗಿಸಿ ಉಂಡಳು.

ವಾಪಸು ಬರುವಾಗ ಬಸ್ಸು ಯಲ್ಲಾಪುರ ದಾಟಿತು. ಆಮೇಲೆ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದಳು:

"ನಿಂಗ ಮಂತ್ರ ಹೇಳ್ತಾ ಇದ್ದಾಗ್ಲೂ ನನ್ನ ಒಂದು ಮಾತು ಕೇಳಿದ್ದಿಲ್ಲೆ. ಬಿಡುವಾಗ್ಲೂ ಕೇಳಿದ್ದಿಲ್ಲೆ. ಓದಲೆ ಹೋಪಾಗ್ಲೂ ಕೇಳಿದ್ದಿಲ್ಲೆ. ಈಗ ಪಾಸಾದ್ರೂ ಆಗಿ."

ಆವತ್ತಿನವರೆಗೆ ಡಿಗ್ರಿ ನನ್ನ ಚಟವಾಗಿತ್ತು. ಆ ಬಸ್ಸಿನಿಂದ ಇಳಿಯುವಾಗ ಅದು ನಾನು ಇವಳಿಗೆ ಕೊಡಲೇಬೇಕಾದ ವಸ್ತುವಾಗಿತ್ತು.

ಕೊನೆಯ ಪರೀಕ್ಷೆಯ ಕೊನೆಯ ದಿನ ಸಮಾಜಶಾಸ್ತ್ರ. ಹಿಂದಿನ ಪರೀಕ್ಷೆಗಳಲ್ಲೆಲ್ಲ ನಾನು ಮೈಯೆಲ್ಲ ಎಚ್ಚರವಾಗಿ, ಸೂಚನೆಗಳನ್ನು ಎರಡೆರಡು ಸಲ ಓದಿ ಬರೆದಿದ್ದೆ. ಆವತ್ತು ಪ್ರಶ್ನೆಪತ್ರಿಕೆ ತೆರೆದರೆ ಮೊದಲನೆಯದೇ 'ಧರ್ಮದ ಕಾರ್ಯಗಳನ್ನು ವಿವರಿಸಿ'. ನನ್ನ ಖುಷಿಗೆ ಪಾರವಿಲ್ಲ. ಗೈಡಿನ ಒಂಬತ್ತನ್ನು ಬರೆದೆ. ಸುಮ್ಮನಿರಲಾರದೆ ನನ್ನದೇ ಹತ್ತನೆಯದನ್ನೂ ಸೇರಿಸಿದೆ: ಜಗಲಿಯಲ್ಲಿ ಗಾಳಿ ಚೆನ್ನಾಗಿದೆ ಎಂದು ಹೇಳಿ ಅಳಿಯನನ್ನು ಹೊರಗೆ ಕೂರಿಸುವುದು. ಮೂರು ವರ್ಷದಲ್ಲಿ ಅರ್ಥ ತಿಳಿದು ಬರೆದ ವಾಕ್ಯ ಅದೊಂದೇ ಇರಬೇಕು.

ಕೊಠಡಿಯ ಮೇಲ್ವಿಚಾರಕಿ ಸಹಿ ಮಾಡುತ್ತ ಬಂದವಳು ನನ್ನ ಮೊದಲ ಪುಟ ತಿರುಗಿಸಿ ನಿಂತುಬಿಟ್ಟಳು. ಮೂವತ್ತರ ಆಸುಪಾಸಿನ ಅಧ್ಯಾಪಕಿ.

"ಸರ್, ಇದೇನಿದು?"

ಪುಟದ ನೆತ್ತಿಯಲ್ಲಿ, ನಟ್ಟನಡುವೆ, ಎರಡೂ ಕಡೆ ಎರಡೆರಡು ಗೀಟು ಎಳೆದು, ದುಂಡಗೆ ಬರೆದಿತ್ತು: ॥ ಶ್ರೀ ॥

ಅದನ್ನು ಬರೆದದ್ದು ನನಗೆ ನೆನಪೇ ಇಲ್ಲ. ಮೂವತ್ತು ವರ್ಷ ದರ್ಭೆ, ತೆಂಗಿನಕಾಯಿ, ಹವನದ ತುಪ್ಪ ಎಂದು ಸಾಮಾನಿನ ಪಟ್ಟಿ ಬರೆದುಕೊಟ್ಟ ಕೈ ಅದು. ಕಾಗದ ಕಂಡರೆ ಮೊದಲು ಶ್ರೀ ಹಾಕಿಯೇ ಮುಂದೆ ಹೋಗುವ ಕೈ. ನಾನು ದೇವರನ್ನು ಬಿಟ್ಟ ವಿಚಾರವನ್ನು ಕೈಗೆ ಯಾರೂ ತಿಳಿಸಿರಲಿಲ್ಲ.

"ಉತ್ತರಪತ್ರಿಕೆಯಲ್ಲಿ ದೇವರ ಹೆಸರು ಬರೀಬಾರ್ದು ಅಂತ ಸೂಚನೆ ಉಂಟಲ್ಲ ಸರ್. ಗುರುತು ಮಾಡಿದ್ದು ಅಂತ ಲೆಕ್ಕ. ಸ್ಕ್ವಾಡಿನವ್ರು ನೋಡಿದ್ರೆ ಕೇಸು ಹಾಕ್ತಾರೆ, ಈ ಸಲದ ಅಷ್ಟೂ ಪೇಪರು ಹೋಗ್ತದೆ. ನೀವೇ ಹೊಡೆದು ಹಾಕಿ, ನಾನು ಪಕ್ಕದಲ್ಲಿ ಸಹಿ ಮಾಡ್ತೇನೆ" ಎಂದಳು. ಹೊರಗೆ ಜೀಪು ನಿಂತ ಸದ್ದಾಯಿತು. ಅವಳು ಬಗ್ಗಿ ಮೆಲ್ಲಗೆ, "ಬೇಗ ಹೊಡೀರಿ ಭಟ್ರೇ" ಎಂದಳು.

ಆಗ ಗುರುತು ಸಿಕ್ಕಿತು. ಅವಳ ಮದುವೆ ಮಾಡಿಸಿದವನು ನಾನೇ. ಅವಳಿಗೆ ಹತ್ತು ಗಂಡುಮಕ್ಕಳಾಗಲಿ ಎಂದು ಬೇಡಿಕೊಂಡಿದ್ದೆ. ಅರ್ಥ ಗೊತ್ತಿದ್ದರೆ ಆವತ್ತೇ ಎದ್ದು ಹೋಗುತ್ತಿದ್ದಳು.

ಪೆನ್ನು ಹಿಡಿದೆ. ಜನಿವಾರ ತೆಗೆಯುವಾಗ ತಡೆಯದ ಕೈ ಈಗ ಶ್ರೀಯ ಮೇಲೆ ಬಂದು ನಿಂತುಬಿಟ್ಟಿತು. ಇದು ಬರಿಯ ಒಂದು ಅಕ್ಷರ, ಮಸಿ, ಅಭ್ಯಾಸ ಎಂದು ನನಗೆ ನಾನೇ ಹೇಳಿಕೊಂಡೆ. ಕೈ ಕೇಳಲಿಲ್ಲ. ಇದಕ್ಕಿಂತ ದೊಡ್ಡ ಅವಮಾನ ಯಾವ ನಾಸ್ತಿಕನಿಗೂ ಆಗಿರಲಾರದು: ಇಲ್ಲದ ದೇವರ ಹೆಸರನ್ನು ಅಳಿಸಲು ಹೆದರಿ, ಇಡೀ ಡಿಗ್ರಿಯನ್ನು ಅಂಗೈಯಲ್ಲಿಟ್ಟುಕೊಂಡು ಬೆವರುವುದು. ಮೆಟ್ಟಿಲಲ್ಲಿ ಬೂಟಿನ ಸದ್ದು ಹತ್ತಿರವಾಯಿತು. ಜಗಲಿಯ ತುದಿಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದವಳು ಕಣ್ಣಿಗೆ ಬಂದಳು. ಕಣ್ಣು ಮುಚ್ಚಿ ಅಡ್ಡಗೀಟು ಎಳೆದೆ. ಮೇಲ್ವಿಚಾರಕಿ ಸಹಿ ಹಾಕಿ ಏನೂ ಆಗದವಳಂತೆ ಮುಂದಿನ ಬೆಂಚಿಗೆ ಹೋದಳು. ಸ್ಕ್ವಾಡಿನವರು ಬಂದರು, ನನ್ನ ನರೆತ ತಲೆ ನೋಡಿ ನಾನೂ ಮೇಲ್ವಿಚಾರಕನೆಂದು ತಿಳಿದು ನಮಸ್ಕಾರ ಮಾಡಿ ಹೋದರು.

ಮನೆಗೆ ಬಂದಾಗ ಹೆಂಡತಿ ಮಡಕೆಯ ಮುಂದೆ ಕೂತಿದ್ದಳು. ಎಲ್ಲ ಹೇಳಿದೆ. ಅವಳು ಬಟ್ಟೆ ಎಳೆಯುವುದನ್ನು ನಿಲ್ಲಿಸಿ, "ಹೊಡೆದು ಹಾಕಿದ್ರಾ?" ಎಂದಳು. "ಹಾಕಿದೆ" ಎಂದೆ. ನಗು ಶುರುವಾಯಿತು. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಡಕೆಯ ಮೇಲಿನ ತೊಡದೇವು ಕರಟಿ ಹೋಯಿತು. ಮೂರು ವರ್ಷದ ನಂತರ ಅವಳು ಆ ಮನೆಯಲ್ಲಿ ನಕ್ಕದ್ದಕ್ಕೆ ನನಗೆ ಪಾಸಾದಷ್ಟೇ ಸಂತೋಷವಾಯಿತು.

ಪಾಸೂ ಆದೆ. ಸಮಾಜಶಾಸ್ತ್ರದಲ್ಲಿ ಸರಿಯಾಗಿ ಮೂವತ್ತೈದು, ಒಂದು ಕಡಿಮೆಯಾಗಿದ್ದರೆ ಮುಳುಗುತ್ತಿದ್ದೆ. ಹತ್ತನೆಯ ಕಾರ್ಯ ಯಾರಿಗೂ ಹಿಡಿಸಿರಲಿಕ್ಕಿಲ್ಲ. ಶ್ರೀಯ ಕತೆಯನ್ನು ಹೆಂಡತಿ ಅಷ್ಟರಲ್ಲಿ ಊರಿಗೆಲ್ಲ ಹಂಚಿದ್ದಳು. ಮೂರು ವರ್ಷ ಬಾಯಿಪಾಠ ಮಾಡಿದ್ದು ನಾನು, ಡಿಗ್ರಿಯ ಕೀರ್ತಿ ಹೋದದ್ದು ಶ್ರೀಗೆ. ಅಣ್ಣ ಬಂದು, "ನೋಡು ತಮಾ, ನೀನು ಬಿಟ್ರೂ ಅದು ನಿನ್ನ ಬಿಟ್ಟಿದ್ದಿಲ್ಲೆ. ಶ್ರೀ ಬರೆದಿದ್ದಕ್ಕೇ ಪಾಸಾಗಿದ್ದು" ಎಂದ.

ಹೆಂಡತಿ ಒಳಗಿನಿಂದಲೇ, "ಹೊಡೆದು ಹಾಕಿದ್ದಕ್ಕೇ ಮೂವತ್ತೈದು. ಹಾಗೇ ಬಿಟ್ಟಿದ್ರೆ ಅರವತ್ತು ಬತ್ತಿತ್ತು" ಎಂದಳು.

ಇನ್ನು ಬೋರ್ಡು. ಕೊಟ್ಟ ಮಾತು. ಸಿದ್ದಾಪುರ ಪೇಟೆಯ ಪೇಂಟರನ ಹತ್ತಿರ ತಾನೇ ಹೋಗಿ ಬರೆಸುತ್ತೇನೆ ಎಂದಳು. ನಾನು ಒಂದೇ ಷರತ್ತು ಹಾಕಿದೆ: ಮೇಲ್ಗಡೆ ಶ್ರೀ ಹಾಕಿಸಬಾರದು. "ಇಲ್ಲೆ, ಮೇಲೆ ಎಂತದೂ ಹಾಕಿಸ್ತಿಲ್ಲೆ" ಎಂದು ಒಪ್ಪಿದಳು. ನಾಲ್ಕು ದಿನದ ಮೇಲೆ ಪೇಪರು ಸುತ್ತಿದ ಬೋರ್ಡು ಬಂತು. ಗೇಟಿನ ಹತ್ತಿರ ನಿಂತು ಬಿಚ್ಚಿದೆ.

ಮೇಲ್ಗಡೆ ನಿಜಕ್ಕೂ ಏನೂ ಇರಲಿಲ್ಲ. ಮೊದಲ ಸಾಲಿನಲ್ಲಿ ಅಂಗೈ ಅಗಲದ ಕೆಂಪು ಅಕ್ಷರದಲ್ಲಿ 'ಶ್ರೀಮತಿ' ಎಂದು ಶುರುವಾಗಿ ಅವಳ ಹೆಸರು. ಅದರ ಮುಂದೆ ಗಂಡನ ಹೆಸರು ಸೇರಿಸಿರಲಿಲ್ಲ. ಎರಡನೆಯ ಸಾಲಿನಲ್ಲಿ 'ಇಲ್ಲಿ ತೊಡದೇವು ಸಿಗುತ್ತದೆ'. ಕೆಳಗೆ ಮೂಲೆಯಲ್ಲಿ, ಕನ್ನಡಕ ಹಾಕಿಕೊಂಡರೆ ಕಾಣುವಷ್ಟು, ನನ್ನ ಹೆಸರು, ಬಿ.ಎ. ಯಾರ ಹೆಂಡತಿ ಎಂದು ಅವಳು ಕೇಳಿದ ಪ್ರಶ್ನೆಗೆ ನಾನು ಮೂರು ವರ್ಷ ಓದಿ ಹುಡುಕಿದ ಉತ್ತರ ತಪ್ಪಾಗಿತ್ತು.

ನಾನು ಆ ಮೊದಲ ಅಕ್ಷರವನ್ನೇ ನೋಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಕೈಯಲ್ಲಿ ಎರಡು ಮೊಳೆ ಹಿಡಿದು ನಿಂತಿದ್ದಳು.

"ಎಂತ, ಇದನ್ನೂ ಹೊಡೆದು ಹಾಕ್ತ್ರಾ?"

"ಹಾಕ್ತೆ ತಾ" ಎಂದು ಮೊಳೆ ಇಸಿದುಕೊಂಡು, ಕಂಬದ ಹಳೆಯ ತೂತುಗಳಿಗೇ ಬೋರ್ಡನ್ನು ಹೊಡೆದು ಹಾಕಿದೆ.